ಗಂಡನ ಹೆಸರಿನ ಪಗಾರ

1978ರಲ್ಲಿ ನಾನು ಲೇಬರ್ ಇನ್ಸ್‌ಪೆಕ್ಟರ್. ಹುಬ್ಬಳ್ಳಿಯಲ್ಲಿ ವಾಸ, ಕುಂದಗೋಳ ತಾಲ್ಲೂಕಿನಲ್ಲಿ ತಿರುಗಾಟ. ಕಾರ್ಖಾನೆಗಳಲ್ಲಿ ಕೂಲಿಕಾರರ ಹಾಜರಿ, ಪಗಾರ ಬರೆದಿಡುವ ರಜಿಸ್ಟರ್ ತಪಾಸಣೆ ಮಾಡುವುದು ನನ್ನ ಕೆಲಸ. ಅದನ್ನು ಚೆನ್ನಾಗಿಯೇ ಮಾಡುತ್ತಿದ್ದೇನೆಂದು ತಿಳಿದಿದ್ದೆ.

ಹತ್ತಿಯ ಹಂಗಾಮು. ಕುಂದಗೋಳದಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿಂಗ್ ಕಾರ್ಖಾನೆಯ ಗೇಟಿನ ಹೊರಗೆ, ತಲೆತುಂಬ ಅರಳೆಯ ಧೂಳು ಮೆತ್ತಿಕೊಂಡಿದ್ದ ಹೆಂಗಸೊಬ್ಬಳು ನನ್ನ ಸೈಕಲ್ಲಿಗೆ ಅಡ್ಡ ನಿಂತಳು. ಹತ್ತಿರದ ಸಂಶಿ ಊರಿನ ಗಂಗವ್ವ. ಅಲ್ಲಿ ಹತ್ತಿ ಹೊರುವ ಕೆಲಸ ಆಕೆಯದು.

“ಸಾಹೇಬ್ರ, ಸಾಲಾ ಮಾಡಿದಾಂವ ನನ್ನ ಗಂಡ. ಪಗಾರ ನಂದ್ಯಾಕ ಹಿಡೀತಾರ್ರಿ?”

ಗಂಡ ಫಕೀರಪ್ಪ ಅದೇ ಕಾರ್ಖಾನೆಯಲ್ಲಿ ಹಮಾಲನಾಗಿದ್ದವನು. ಒಬ್ಬ ಅರಿವೆ ವ್ಯಾಪಾರಿಯ ಹತ್ತಿರ ಸಾಲ ಮಾಡಿ, ವರ್ಷದ ಹಿಂದೆ ಗೋವಾದ ಕಡೆ ಹೋದವನು ತಿರುಗಿ ಬಂದಿರಲಿಲ್ಲ. ಹನ್ನೊಂದು ವಾರಗಳಿಂದ ಗಂಗವ್ವನ ಅರ್ಧ ಪಗಾರ ನೇರ ಆ ವ್ಯಾಪಾರಿಗೆ ಹೋಗುತ್ತಿತ್ತು. ಎರಡು ಮಕ್ಕಳಿಗೆ ರೊಟ್ಟಿ ಕೊಟ್ಟು ತಾನು ನೀರು ಕುಡಿದು ಮಲಗುತ್ತೇನೆಂದು ಆಕೆ ಅಳದೆ ಹೇಳಿದಳು. ನನ್ನ ಪಿತ್ತ ನೆತ್ತಿಗೇರಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ ಅಲ್ಲವೇ!

ಆಕೆಯನ್ನು ಕರೆದುಕೊಂಡು ಒಳಗೆ ಹೋಗಿ, ಲೆಕ್ಕ ಬರೆಯುವ ದಿವಾನಜಿಯನ್ನು ಕೇಳಿದೆ. “ಕೋರ್ಟಿನ ಜಪ್ತಿ ಆರ್ಡರ್ ಬಂದೈತ್ರಿ,” ಎಂದು ಕಾಗದವೊಂದನ್ನು ಮುಂದಿಟ್ಟ. ಓದಿದೆ. ಥೂ! ಅದು ಕೋರ್ಟಿನದೇ ಅಲ್ಲ. ಸಾಲ ತೀರಿಸು ಎಂದು ವ್ಯಾಪಾರಿಯ ವಕೀಲರು ಫಕೀರಪ್ಪನಿಗೆ ಬರೆದ ನೋಟೀಸು. ಕೆಳಗೊಂದು ದುಂಡನೆಯ ಮೊಹರು ಕಂಡದ್ದೇ ತಡ, ಅದನ್ನೇ ಹುಕುಂ ಮಾಡಿಕೊಂಡಿದ್ದರು. ಆ ವ್ಯಾಪಾರಿ ಕಾರ್ಖಾನೆಯ ಮಾಲೀಕರಿಗೆ ಬೀಗರು ಬೇರೆ. ಕೋರ್ಟಿನ ಆದೇಶವಿಲ್ಲದೆ ಸಾಲಗಾರನ ಪಗಾರವನ್ನೂ ಹೀಗೆ ಹಿಡಿಯುವಂತಿಲ್ಲ. ಕೋರ್ಟಿಗೆ ಹೋದರೂ, ಕೂಲಿಕಾರರ ಕೂಲಿಯನ್ನು ಜಪ್ತಿ ಮಾಡಬಾರದೆಂದು ಸಿವಿಲ್ ಪ್ರೊಸೀಜರ್ ಕೋಡ್ ಹೇಳುತ್ತದೆ. ಇಲ್ಲಂತೂ ಸಾಲವನ್ನೇ ಮಾಡದ ಹೆಂಗಸು!

“ಈಕಿ ಪಗಾರಕ್ಕ ಯಾಕ ಕೈ ಹಾಕಿದ್ರಿ?” ಎಂದು ಅಲ್ಲೇ ಕೂತಿದ್ದ ಮಾಲೀಕರ ಮೇಲೆ ಹರಿಹಾಯ್ದೆ.

ಅವರು ಎಲೆ ಅಡಿಕೆ ಮೆಲ್ಲುತ್ತ, “ಈಕೀ ಪಗಾರ ಎಲ್ಲೈತ್ರಿ? ರಜಿಸ್ಟರ್ ನೋಡ್ರಿ,” ಎಂದರು.

ನೋಡಿದೆ. ಗಂಗವ್ವ ಎಂಬ ಹೆಸರೇ ಇಲ್ಲ. ಫಕೀರಪ್ಪ ಎಂದು ಬರೆದು, ಎದುರಿಗೆ ಆಕೆಯ ಹೆಬ್ಬೆಟ್ಟು. ಮನೆಯ ಗಂಡಸಿನ ಹೆಸರಿನಲ್ಲಿ ಹೆಂಗಸರ ಹಾಜರಿ ಬರೆಯುವುದು ಅಲ್ಲಿಯ ರೂಢಿ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಹೆಂಗಸರು, ಅದೇ ಹೆಸರಿನ ಮುಂದೆ ವಾರವಾರ ಹೆಬ್ಬೆಟ್ಟು ಒತ್ತುತ್ತಿದ್ದರು. ದುಡಿಮೆ ಆಕೆಯದು, ಹೆಸರು ಓಡಿಹೋದವನದು!

“ಇದು ಸುಳ್ಳು ರಜಿಸ್ಟರ್,” ಎಂದೆ.

ಮಾಲೀಕರು ನಕ್ಕರು. “ನೀವ ನೋಡಿ ಸಹಿ ಮಾಡೀರಲ್ರಿ, ಎರಡ ಸಲ.”

ಹೌದು. ಪುಟದ ಕೆಳಗೆ ‘ತಪಾಸಣೆ ಮಾಡಿದೆ, ಸರಿಯಿದೆ’ ಎಂದು ನನ್ನದೇ ಅಕ್ಷರ. ಮುಖಕ್ಕೆ ಹೊಡೆದಂತಾಯಿತು. ಕೂಡಿಸಿದ ಮೊತ್ತ ಸರಿಯಿದೆಯೋ ಎಂದು ನೋಡಿದ್ದೆನೇ ಹೊರತು, ದುಡಿಯುವವರು ಯಾರೆಂದು ತಲೆಯೆತ್ತಿ ನೋಡಿರಲಿಲ್ಲ.

“ನನ್ನ ತಪ್ಪನ್ನೂ ವರದಿಯೊಳಗ ಬರೀತೇನಿ, ನಿಮ್ಮದನ್ನೂ ಬರೀತೇನಿ,” ಎಂದೆ. ಪೇಮೆಂಟ್ ಆಫ್ ವೇಜಸ್ ಕಾಯ್ದೆಯ ಪ್ರಕಾರ, ಅನ್ಯಾಯವಾಗಿ ಹಿಡಿದದ್ದರ ಹತ್ತು ಪಟ್ಟಿನವರೆಗೂ ಪರಿಹಾರ ಬೀಳಬಹುದೆಂದು ತಿಳಿಸಿದ ಮೇಲೆ ಅವರ ನಗು ನಿಂತಿತು.

ಮುಂದಿನ ಶನಿವಾರ ಹನ್ನೊಂದು ವಾರಗಳ ಬಾಕಿಯನ್ನೂ ಎಲ್ಲರ ಎದುರು ಕೊಡಿಸಿದೆ. ಅಲ್ಲಿ ದುಡಿಯುವ ಪ್ರತಿ ಹೆಂಗಸಿನ ಹೆಸರನ್ನೂ ರಜಿಸ್ಟರಿನಲ್ಲಿ ಬರೆಸಿದೆ. ಗಂಗವ್ವ ದುಡ್ಡನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಕೈ ಮುಗಿಯುತ್ತಾಳೆಂದು ನಾನು ಕಾದೆ, ಅಂಥ ಜಂಬ ನನ್ನದು. ಆಕೆ ಕೈ ಮುಗಿಯಲಿಲ್ಲ.

“ಹಿಂದ ಎರಡೂ ಸಲ ನೀವ್ ಬಂದಾಗ ನಾ ಅಲ್ಲೇ ಹತ್ತಿ ಹೊರಾಕತ್ತಿದ್ದೆ. ಯಾರವ್ವಾ ನೀ ಅಂತ ಒಂದ ಮಾತ ಕೇಳಲಿಲ್ರಿ,” ಎಂದಳು.

ಕಾಯ್ದೆ ಎಷ್ಟೇ ಗಟ್ಟಿಯಿರಲಿ, ಕಾಗದದಲ್ಲಿ ಹೆಸರಿಲ್ಲದವರ ಕೈಗೆ ಅದು ಸಿಗುವುದಿಲ್ಲ. ಆಮೇಲೆ ನಿವೃತ್ತಿಯವರೆಗೂ, ಯಾವ ಕಾರ್ಖಾನೆಗೆ ಹೋದರೂ ರಜಿಸ್ಟರ್ ಕೇಳುವ ಮೊದಲು ದುಡಿಯುವವರ ಹತ್ತಿರ ಹೋಗಿ ಹೆಸರು ಕೇಳಿದೆ.