ಫೋನಿಗೆ ಬಂದ ನಲವತ್ತೇಳು

ಸೇಡಂನ ಒಂದು ಶಿಕ್ಷಣ ಸಂಸ್ಥೆಯ ಕಚೇರಿಯಲ್ಲಿ ನಾನು ಇಮೇಲ್ ನೋಡಿಕೊಳ್ಳುತ್ತೇನೆ. ಯಾರದಾದರೂ ಖಾತೆ ಲಾಕ್ ಆದರೆ ಅಡ್ಮಿನ್ ಆಗಿ ಒಳಹೋಗಿ ತೆರೆಯಬೇಕು. ಪಾಸ್‌ವರ್ಡ್ ಹಾಕಿದ ಮೇಲೆ ಕಂಪ್ಯೂಟರಿನಲ್ಲಿ ಎರಡಂಕಿಯ ಸಂಖ್ಯೆಯೊಂದು ಮೂಡುತ್ತದೆ; ಅದನ್ನು ಫೋನಿನಲ್ಲಿ ಒತ್ತಿದರೆ ಮಾತ್ರ ಪ್ರವೇಶ. ಆ ಫೋನು ನನ್ನದು. ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿ ಅಕ್ಕನವರಿಗೂ ಈ ಕೆಲಸ, ಪಾಸ್‌ವರ್ಡ್ ಎರಡೂ ಗೊತ್ತಿದ್ದವು. "ನನ್ನ ಫೋನೂ ಸೇರಿಸು ತಮ್ಮಾ" ಎಂದು ಎರಡು ಸಲ ಕೇಳಿದ್ದರು. ನಾಳೆ ಎಂದು ತಳ್ಳುತ್ತಾ ಬಂದೆ. ನಿಜವೆಂದರೆ, ನಾನಿಲ್ಲದೆ ಕೆಲಸ ನಿಲ್ಲುತ್ತದೆ ಎಂಬುದು ನನಗೆ ಹಿತವಾಗಿತ್ತು.

ಒಮ್ಮೆ ರಜೆ ಹಾಕಿ ಮನೆಯವರೊಂದಿಗೆ ಚಂದ್ರಂಪಳ್ಳಿ ಜಲಾಶಯಕ್ಕೆ ಹೋಗಿದ್ದೆ. ಬುತ್ತಿ ಬಿಚ್ಚುವ ಹೊತ್ತಿಗೆ ಅಕ್ಕನವರ ಫೋನ್ ಬಂತು.

"ತಮ್ಮಾ, ನಮ್ಮ ಚಿಂಚೋಳಿ ಕಾಲೇಜಿನ ಮೇಡಂದು ಮೇಲ್ ಲಾಕ್ ಆಗ್ಯದ. ಸಂದರ್ಶನಕ್ಕ ಒಪ್ಪಿಗಿ ಕೊಡೋ ಲಿಂಕ್ ಅದರಾಗೇ ಅದ, ಐದರ ತನಕ ಟೈಮ್. ನಲವತ್ತೇಳು ಬಂದದ, ಲಗೂನ ಒತ್ತು."

"ಇವತ್ತೂ ಬಿಡಂಗಿಲ್ಲೇನು?" ಎಂದಳು ಹೆಂಡತಿ. ನನಗೂ ರೇಗಿತು.

"ರೇಂಜ್ ಇಲ್ರಿ ಅಕ್ಕಾರ, ಏನೂ ಕೇಳಿಸವಲ್ದು" ಎಂದು ಕಟ್ ಮಾಡಿದೆ.

ರೇಂಜ್ ಚೆನ್ನಾಗಿಯೇ ಇತ್ತು. ಪರದೆಯ ಮೇಲೆ ಸಂಖ್ಯೆ ಕೇಳುವ ಚೌಕ ಮೂಡಿ ಮಾಯವಾಯಿತು. ಮತ್ತೆ ಎರಡು ಸಲ ಬಂತು. ಫೋನನ್ನು ಚೀಲದೊಳಗೆ ಹಾಕಿ ರೊಟ್ಟಿ ಮುರಿದೆ.

ಮರುದಿನ ಅಕ್ಕನವರು ಆ ಚಿಂಚೋಳಿ ಉಪನ್ಯಾಸಕಿಯ ಸಂದರ್ಶನದ ಅವಕಾಶ ತಪ್ಪಿತೆಂದು ತಿಳಿಸಿ, "ನಂದೇ ತಪ್ಪು, ಮುಂಜಾನೆನೇ ನಿನಗ ಫೋನ್ ಮಾಡಬೇಕಿತ್ತು. ಆಕಿಗೂ ಹಂಗೇ ಹೇಳೀನಿ" ಎಂದರು. ಅಂದೇ ಅವರ ಫೋನ್ ಸೇರಿಸಿದೆ. ಐದು ನಿಮಿಷದ ಕೆಲಸ.

ಒಂದು ವಾರ ಅವರ ಮುಖ ನೋಡಲು ಆಗುತ್ತಿರಲಿಲ್ಲ. ಕೊನೆಗೆ ಬಸ್ ಸ್ಟ್ಯಾಂಡಿನಲ್ಲಿ ಹೇಳಿಬಿಟ್ಟೆ: "ಅವತ್ತು ರೇಂಜ್ ಇತ್ತರಿ."

ಅಕ್ಕನವರು, "ನನಗ ಹೇಳಿ ಏನ್ ಮಾಡ್ತಿ? ಆಕಿಗಿ ಹೇಳು" ಎಂದು ಬಸ್ ಹತ್ತಿದರು.

ಉಪನ್ಯಾಸಕಿಗೆ ಫೋನ್ ಮಾಡಿದೆ. ನಡೆದದ್ದನ್ನು ಹೇಳಿದೆ.

"ಒಂದ್ ನಂಬರ್ ಒತ್ತೋದಿತ್ತಲ್ರಿ ಸರ್" ಎಂದರು. ಅಷ್ಟೇ. ಫೋನ್ ಇಟ್ಟರು.

ಈಗ ಅವರ ಕಾಲೇಜಿನಿಂದ ಯಾವ ಕೋರಿಕೆ ಬಂದರೂ ಅಕ್ಕನವರ ಹೆಸರಿಗೇ ಬರುತ್ತದೆ.