ಎರಡು ಕಡೆ ತಿದ್ದಿದ ಒಂದು ಸಂಖ್ಯೆ

ಚೀನಾದ ಷೆನ್‌ಜೆನ್‌ನ ಆ ಸಣ್ಣ ಕಂಪನಿಯಲ್ಲಿ, ಗಿರಾಕಿ ಬೆರಳೊತ್ತಿ ಊಟ ಹೇಳುವ ಆರ್ಡರ್ ಯಂತ್ರಗಳನ್ನು ಹೋಟೆಲುಗಳಿಗೆ ಮಾಡುವ ಕಡೆ, ಲುವೊ ಚೆಂಗ್‌ಯಾವ್‌ನಷ್ಟು ವಯಸ್ಸಾದ ಎಂಜಿನಿಯರ್ ಇನ್ನೊಬ್ಬನಿರಲಿಲ್ಲ. ವಯಸ್ಸು ನಲವತ್ತಮೂರು, ಆ ಊರಿನ ಲೆಕ್ಕದಲ್ಲಿ ಮುದುಕ. ಇಲ್ಲಿಂದ ಹೊರಬಿದ್ದರೆ ಮತ್ತೆ ಯಾರೂ ಕರೆಯುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಡಿವೈಸ್ ಟ್ರೀ ಎಂಬ ಕಡತ ಬರೆಯುವುದರಲ್ಲೇ ಅವನ ಯೌವನ ಸವೆದಿತ್ತು. ಬೋರ್ಡಿನ ಮೇಲೆ ಯಾವ ಚಿಪ್ ಯಾವ ತಂತಿಯಲ್ಲಿದೆ, ಅದರ ವಿಳಾಸದ ಸಂಖ್ಯೆ ಏನು ಎಂಬುದೆಲ್ಲ ಅದರಲ್ಲಿರಬೇಕು. ಪ್ರೊಸೆಸರ್ ಮಹಾ ಮೊಂಡ. ಬರೆದ ಮನೆಯ ಬಾಗಿಲನ್ನಷ್ಟೇ ತಟ್ಟುತ್ತದೆ. ಅಲ್ಲಿ ಯಾರೂ ಓಗೊಡದಿದ್ದರೆ ಪಕ್ಕದ ಮನೆಯಲ್ಲಿ ವಿಚಾರಿಸುವ ಸೌಜನ್ಯವೂ ಅದಕ್ಕಿಲ್ಲ.

ಹೊಸ ಬೋರ್ಡುಗಳು ಬಂದವು. ಪರದೆ ಬೆಳಗಿತು, ಆದರೆ ಎಷ್ಟು ಒತ್ತಿದರೂ ಬೆರಳಿಗೆ ಮಿಸುಕಲಿಲ್ಲ. ಮಾಲೀಕ ಫಾಂಗ್ ಬಂದು ಮೇಜಿನ ಪಕ್ಕ ನಿಂತ.

"ಲುವೊ ಅಣ್ಣಾ, ಜನ ಕಮ್ಮಿ ಮಾಡ್ಬೇಕು ಅಂತಿದ್ದೀನಿ. ನಿನ್ನ ಹೆಸರೂ ನಾಲಿಗೆ ತುದೀಲಿದೆ. ಇದನ್ನ ಎಬ್ಬಿಸಿಕೊಡು, ಆಮೇಲೆ ನೋಡೋಣ."

ಮರುದಿನ ಬೆಳಿಗ್ಗೆ ಗಂಜಿ ಬಡಿಸುತ್ತ ಹೆಂಡತಿ ತ್ಸುಯ್‌ಲಾನ್ ಬುದ್ಧಿ ಹೇಳಿದಳು. "ಸುಲಭವಾಗಿ ಸರಿಹೋದ್ರೆ ಬಾಯಿ ಬಿಡಬೇಡ. ಜೀವ ತೇಯ್ದೆ ಅನ್ನು, ಸಾಕು."

"ನಾನೇನು ನಾಟಕದವನಾ?"

"ಒಂದಿನ ಆಗು. ಮಗಳ ಓದು ಮುಗೀಲಿ."

ಲುವೊ ಬೆಸುಗೆ ನೋಡಿದ, ವಿದ್ಯುತ್ತು ಅಳೆದ. ಎಲ್ಲ ಸರಿಯಿತ್ತು. ಕೊನೆಗೆ ಬೆರಳಿನ ಸ್ಪರ್ಶ ಗುರುತಿಸುವ ಚಿಪ್ಪಿನ ತಂತಿಯ ಮೇಲಿನ ಒಂದೊಂದು ವಿಳಾಸ ಸಂಖ್ಯೆಯನ್ನೂ ತಾನೇ ತಟ್ಟಿ ನೋಡಿದ. ಕಡತದಲ್ಲಿದ್ದ ಐದು-ಡಿ ಸುಮ್ಮನಿತ್ತು, ಒಂದು-ನಾಲ್ಕು ಓಗೊಟ್ಟಿತು. ಭೂತಗನ್ನಡಿ ಹಿಡಿದು ಬಗ್ಗಿದ. ಖರೀದಿಯವರು ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಚಿಪ್ ತಂದು ಹಾಕಿಸಿದ್ದರು. ಅದೇ ರೂಪ, ಅಷ್ಟೇ ಕಾಲು, ವಿಳಾಸ ಮಾತ್ರ ಬೇರೆ.

ಸಾಧನದ ಹೆಸರಿನಲ್ಲೊಮ್ಮೆ, ಅದರ ಕೆಳಗಿನ ಸಾಲಿನಲ್ಲೊಮ್ಮೆ ಕಡತದ ಸಂಖ್ಯೆ ತಿದ್ದಿ ಪರದೆಯ ಮೇಲೆ ಬೆರಳಿಟ್ಟ. ನೂಡಲ್ಸಿನ ದರಪಟ್ಟಿ ಥಟ್ಟನೆ ತೆರೆದುಕೊಂಡಿತು. ಎಲ್ಲರೂ ಸುತ್ತ ನೆರೆದರು, ಫಾಂಗ್ ಓಡಿಬಂದ.

"ಭಾರೀ ಬರೀಬೇಕಾಯ್ತೇನೋ?"

ಕೆಲಸ ಕೈಗೂಡಿದ ಖುಷಿಯಲ್ಲಿ ಮನುಷ್ಯನಿಗೆ ಮೈಮೇಲೆ ಎಚ್ಚರವಿರುವುದಿಲ್ಲ. ಪಾಪ, ಇಲ್ಲೇ ಅವನು ಎಡವಿದ್ದು.

"ಬರೆಯೋದೇನು ಬಂತು? ಒಂದು ಸಂಖ್ಯೆ ತಪ್ಪಿತ್ತು ಅಷ್ಟೆ. ಯಾರು ಬೇಕಾದ್ರೂ ಮಾಡಬಹುದು."

"ಯಾರು ಬೇಕಾದ್ರೂ?" ಫಾಂಗ್ ನಿಧಾನವಾಗಿ ಕೇಳಿದ.

ಹೆಂಡತಿಯ ಮಾತು ನೆನಪಾಗಿ ಲುವೊ ಅವಸರದಲ್ಲಿ ಎರಡು ಬೆರಳೆತ್ತಿದ. "ಎರಡು ಕಡೆ ತಿದ್ದಬೇಕು," ಎಂದ.

ಎಲ್ಲರೂ ಗೊಳ್ಳೆಂದು ನಕ್ಕರು. ಫಾಂಗ್ ಕೂಡ ನಕ್ಕು ಬೆನ್ನು ತಟ್ಟಿದ. ಸಂಜೆ ತನ್ನ ಕೋಣೆಗೆ ಕರೆದು, ನಿನ್ನ ಕೆಲಸಕ್ಕೆ ಈ ತಿಂಗಳೇ ಕೊನೆ ಎಂದ.

ತ್ಸುಯ್‌ಲಾನ್ ಮನೆ ಬಾಗಿಲಲ್ಲೇ ಕಾಯುತ್ತಿದ್ದಳು. "ಎದ್ದಿತಾ?"

"ಎದ್ದಿತು."

ಅವಳ ಮುಖ ಅರಳಿತು. ಅವನನ್ನು ಊಟಕ್ಕೆ ಕೂರಿಸಿ, ಹಬೆಯಾಡುವ ಮೀನಿನ ಹೊಟ್ಟೆಯ ತುಂಡನ್ನು, ಸದಾ ಮಗಳಿಗೆಂದು ಎತ್ತಿಡುವುದನ್ನು, ಅವನ ಬಟ್ಟಲಿಗೆ ಹಾಕಿದಳು.

"ಬಾಯಿ ಬಿಡಲಿಲ್ಲ ತಾನೆ?"

ಇಲ್ಲವೆಂದು ತಲೆಯಾಡಿಸಿ ಲುವೊ ಮೀನು ತಿಂದ.