ಎಡಗಡೆಯ ಬುರುಡೆ

ಪಾಲಬಾವಿಯ ಭಜನಾ ಮಂಡಳಿಗೆಂದು ಮಾಡಿದ ಜೋಡಿ ಸ್ಪೀಕರಿನಲ್ಲಿ ಎಡಗಡೆಯ ಸೋರೆ ಬುರುಡೆಯ ಅಳತೆ ತಪ್ಪಿಸಿದವಳು ನಾನು. ಖೈರೂನಕ್ಕ ಅಲ್ಲ. ತಪ್ಪಿದೆ ಅಂತ ಗೊತ್ತಾದ ಮೇಲೂ ಸರಿ ಇದೆ ಅಂದವಳೂ ನಾನೇ. ಇಷ್ಟು ವರ್ಷ ಆ ತಪ್ಪು ಆಕೆಯ ಹೆಸರಿನಲ್ಲಿದೆ — ಆಕೆಯೇ ಅದನ್ನು ತನ್ನದೆಂದು ನಂಬಿದ್ದಾರೆ. ಅದೇ ನನಗೆ ನುಂಗಲಾಗದ ಮಾತು.

ಮೊದಲಿನಿಂದ ಹೇಳದಿದ್ದರೆ ಇದು ತಿಳಿಯುವಂಥದ್ದಲ್ಲ.

ನಮ್ಮ ಮನೆಯವರು, ಅಪ್ಪಾಸಾಬ, ಹರೆಯದಲ್ಲಿ ಮಿರಜಿನಲ್ಲಿ ತಂಬೂರಿ ಮಾಡುವವರ ಕಡೆ ಕೆಲಸ ಕಲಿತವರು. ಕಾಗವಾಡಕ್ಕೆ ಮರಳಿ ಬಂದ ಮೇಲೆ ಅವರಿಗೊಂದು ಹುಚ್ಚು ಹತ್ತಿತು. ತಂಬೂರಿಗೆ ಹಾಕುವ ದೊಡ್ಡ ಒಣ ಬುರುಡೆಯಲ್ಲೇ ಸ್ಪೀಕರು ಕೂಡಿಸಿದರೆ ಹೇಗೆ? ಕಟ್ಟಿಗೆಯ ಚೌಕ ಡಬ್ಬಿಗಿಂತ ದನಿ ದುಂಡಗೆ ಬರುತ್ತದೆ ಅನ್ನುತ್ತಿದ್ದರು. ಬರುತ್ತದೆ, ಸುಳ್ಳಲ್ಲ. ಆದರೆ ಚೌಕ ಡಬ್ಬಿಯ ಉದ್ದ, ಅಗಲ, ಎತ್ತರ ಹಿಡಿದು ಗುಣಿಸಿದರೆ ಒಳಗಿನ ಜಾಗ ತಿಳಿಯುತ್ತದೆ. ಬುರುಡೆಗೆ ಯಾವ ಉದ್ದ, ಯಾವ ಅಗಲ? ಒಂದರ ಸೊಂಟ ಒಳಗೆ ಹೋಗಿರುತ್ತದೆ, ಇನ್ನೊಂದರ ಬುಡ ಒಂದು ಬದಿ ಉಬ್ಬಿರುತ್ತದೆ. ಒಳಗಿನ ಖಾಲಿ ಎಷ್ಟು ಅನ್ನುವುದರ ಮೇಲೆ ಗಾಳಿ ಹಾಯಲು ಕೂಡಿಸುವ ಪೈಪಿನ ಉದ್ದ ನಿಲ್ಲುತ್ತದೆ. ಅದು ತಪ್ಪಿದರೆ ಕೆಳಗಿನ ದನಿಯೆಲ್ಲ ತಪ್ಪಿತು. ಇವರು ನೀರು ತುಂಬಿ ನೋಡಿದರು, ಬುರುಡೆ ನೆನೆದು ಮೆತ್ತಗಾಯಿತು. ದರ್ಜಿಯ ಟೇಪು ಸುತ್ತಿ ಸುತ್ತಿ ನೋಡಿದರು. ರಜಾಯಿ ಕೊಡಲು ಬಂದಿದ್ದ ಖೈರೂನಕ್ಕ ಹೊಸ್ತಿಲಲ್ಲಿ ನಿಂತು ಇದನ್ನು ನೋಡಿ ನಕ್ಕುಬಿಟ್ಟರು.

"ಅಪ್ಪಾಸಾಬ ಭಾವು, ಹೊಟ್ಟಿ ಎಷ್ಟೈತಿ ಅಂತ ಹೊರಗಿಂದ ಟೇಪ್ ಹಿಡದು ನೋಡ್ತಾರೇನ್ರಿ? ಉಣ್ಣಾಕ ಹಾಕಿ ನೋಡ್ರಿ!"

ಉಣ್ಣಲು ಹಾಕಿದ್ದು ಸಜ್ಜಿ. ಜೋಳಕ್ಕಿಂತ ಸಣ್ಣ ಕಾಳು, ಮೂಲೆ ಮುಡುಕಿಗೆಲ್ಲ ಇಳಿಯುತ್ತದೆ, ತಿರುಗಿ ಸುರಿದರೆ ಒಳಗೆ ಉಳಿಯುವುದಿಲ್ಲ. ಖೈರೂನಕ್ಕ ನಮ್ಮ ಓಣಿಯ ಕೊನೆಯ ಮನೆಯವರು. ಗಂಡ ತೀರಿಕೊಂಡ ಮೇಲೆ ರಜಾಯಿ ಹೊಲಿದೇ ಮಗಳನ್ನು ಸಾಕಿದವರು. ಯಾರ ಮನೆಯ ಮದುವೆಯಿರಲಿ, ನಮ್ಮವರದಿರಲಿ ಅವರದಿರಲಿ, ಎಷ್ಟು ಮಂದಿಗೆ ಎಷ್ಟು ಅಕ್ಕಿ ಅಂತ ಅವರು ಕೂತು ಅಳೆದರೆ ಓಣಿಯಲ್ಲಿ ಎರಡನೆಯ ಮಾತಿರಲಿಲ್ಲ. ಬುರುಡೆ ಅಳೆಯುವುದನ್ನೂ ಅವರೇ ಹಿಡಿದುಕೊಂಡರು.

ಅದನ್ನು ನೋಡಬೇಕಿತ್ತು ನೀವು. ಬುರುಡೆಯನ್ನು ಕಾಲ ಮೇಲೆ ಮಲಗಿಸಿಕೊಂಡು, ಕೂಸಿಗೆ ತೇಗು ತರಿಸುವ ಹಾಗೆ ಅಂಗೈಯಿಂದ ಮೆಲ್ಲಗೆ ತಟ್ಟುವರು. ಕಾಳು ತಾನೇ ಸರಿದು ಕೂಡುವವರೆಗೆ ಮಾತ್ರ, ಒತ್ತಿ ತುಂಬುವಂತಿಲ್ಲ. ಕಾಳು ಅಳೆಯುವ ಮಾಪದ ಬಾಯಿಗೆ ಬಿದಿರಿನ ಪಟ್ಟಿ ಎಳೆದು ಸಮ ಮಾಡಿದ ಮೇಲೆಯೇ ಸುರಿಯುವುದು. ಒಂದು ಮಾಪಕ್ಕೆ ಒಂದು ಹುಣಸೆ ಬೀಜ ತಾಟಿನಲ್ಲಿ ಬೀಳುತ್ತಿತ್ತು. ನಡುವೆ ಯಾರಾದರೂ ಮಾತಾಡಿಸಿದರೆ ಸಿಟ್ಟು ಮಾಡುತ್ತಿರಲಿಲ್ಲ, ಎಲ್ಲ ಹೊರಗೆ ಸುರಿದು ಮೊದಲಿನಿಂದ ಶುರು. ಸ್ಪೀಕರಿನ ಬೆನ್ನಿಗಿರುವ ಚುಂಬಕ ಒಳಗೆ ಹೋಗಿ ಜಾಗ ತಿನ್ನುತ್ತದೆ, ಅದನ್ನೂ ಕಳೆಯಬೇಕು ಅಂತ ಮೊದಲು ಹೊಳೆದದ್ದು ಅವರಿಗೇ. ಬೋಗುಣಿ ತುಂಬ ಸಜ್ಜಿ ಹಾಕಿ, ಸ್ಪೀಕರಿಗೆ ಅರಿವೆ ಸುತ್ತಿ ಅದರಲ್ಲಿ ಹುಗಿದು, ಹೊರಗೆ ಚೆಲ್ಲಿದ ಕಾಳನ್ನು ಅಳೆದು ತೋರಿಸಿದರು! ಕೊನೆಗೆ ತುಂಬಿದ್ದನ್ನೆಲ್ಲ ತಿರುಗಿ ಹೊರಗೆ ಅಳೆಯುವರು. ಒಳಗೆ ಹೋದದ್ದೂ ಹೊರಗೆ ಬಂದದ್ದೂ ಕೂಡಿದರೆ ಮಾತ್ರ ಆ ಅಂಕಿ ಇವರ ಕಿವಿಗೆ. ಇವರು ಅದನ್ನು ಬುರುಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದು ಪೈಪು ಕೊಯ್ಯುವರು. ಒಂದು ಸಲವೂ ತಪ್ಪಿರಲಿಲ್ಲ.

ನನ್ನ ಕೆಲಸವೆಂದರೆ ಮಾಪ ತುಂಬಿ, ಪಟ್ಟಿ ಎಳೆದು, ಅವರ ಕೈಗೆ ಕೊಡುವುದು. ಅಷ್ಟೇ.

ಅಷ್ಟೇ ಅನ್ನುವುದೇ ಒಳಗೊಳಗೆ ನನ್ನನ್ನು ಕೊರೆಯುತ್ತಿತ್ತೇನೋ. ಪಾಲಬಾವಿಯವರ ಬುರುಡೆ ಅಳೆದ ದಿನ ಬೆಳಗ್ಗೆ ಚಹಾ ಕುಡಿಯುವಾಗ ಇವರು ನಗುತ್ತ ಅಂದಿದ್ದರು: "ಖೈರೂನಕ್ಕಾ, ನಮ್ಮ ಕಮಲಾನ ಕೈ ನೀಡಾಕ ಚಲೋ, ಅಳ್ಯಾಕಲ್ಲ ನೋಡ್ರಿ."

"ಹಂಗನಬ್ಯಾಡ್ರಿ," ಅಂದರು ಖೈರೂನಕ್ಕ. "ನನ್ನ ತಂಗಿ ತುಂಬಿ ಕೊಟ್ಲಂದ್ರ ನಾ ಕಣ್ಣು ಮುಚ್ಚಿ ಸುರೀತೀನಿ."

ಬಲಗಡೆಯ ಬುರುಡೆ ಸುಸೂತ್ರ ಮುಗಿಯಿತು. ಎಡಗಡೆಯದನ್ನು ಶುರು ಮಾಡಿದ್ದೆವು, ಚಿಕ್ಕೋಡಿಯಿಂದ ಫೋನು ಬಂತು. ಖೈರೂನಕ್ಕನ ಮಗಳಿಗೆ ಹೆರಿಗೆಯ ಬೇನೆ ಎದ್ದಿದೆ, ಚೊಚ್ಚಲು. ಅಳಿಯ ಗಾಡಿ ಕಳಿಸಿದ್ದ. "ಬರೂತನಾ ಇದನ್ನ ಮುಗಿಸ್ತೀನಿ, ಅರ್ಧಕ್ಕ ಬಿಡಬಾರದು" ಅಂತ ಆಕೆ ತಟ್ಟುತ್ತಲೇ ಇದ್ದರು. ತುಟಿ ಒಣಗಿತ್ತು. ಆದರೂ ಬೀಜ ಒಂದೊಂದೇ ತಾಟಿಗೆ ಬೀಳುತ್ತಿತ್ತು.

ನಾನು ಅವರ ಮುಖ ನೋಡುತ್ತ ಮಾಪ ತುಂಬುತ್ತಿದ್ದೆ. ನನ್ನ ತಾಯಿ ಹೇಳಿಕೊಟ್ಟ ರೀತಿ ಒಂದಿತ್ತು — ಬಾಣಂತಿಯ ಮನೆಗೆ ಕಾಳು ಕೊಡುವಾಗ ಮಾಪದ ಬಾಯಿಗೆ ಕೈ ಸವರಬಾರದು, ಗುಡ್ಡೆ ನಿಲ್ಲುವಂತೆ ಕೊಡಬೇಕು. ಹೋಗುವಾಗ ಈಕೆಗೆ ಒಂದಿಷ್ಟು ಸಜ್ಜಿ ಕಟ್ಟಿಕೊಡಬೇಕು, ಮಗಳಿಗೆ ಗಂಜಿಯಾಗುತ್ತದೆ ಅಂತ ಮನಸ್ಸಿನಲ್ಲಿ ಬಂದದ್ದು ನೆನಪಿದೆ. ಯಾವಾಗ ಪಟ್ಟಿ ಎಳೆಯುವುದು ಬಿಟ್ಟೆನೋ ನೆನಪಿಲ್ಲ. ಎಚ್ಚರಾದಾಗ ನನ್ನ ಕೈಯಲ್ಲಿದ್ದ ಮಾಪದ ಮೇಲೆ ಗುಡ್ಡೆ ಇತ್ತು. ಅದಕ್ಕೆ ಮೊದಲಿನ ಎಷ್ಟು ಮಾಪ ಹಾಗೆ ಹೋಗಿತ್ತೋ... ಖೈರೂನಕ್ಕ ನೋಡಿರಲಿಲ್ಲ. ಅವರ ಕಣ್ಣು ಬುರುಡೆಯ ಬಾಯಲ್ಲಿತ್ತು. ನನ್ನ ಕೈಯ ಮೇಲೆ ಅವರು ಕಣ್ಣೇ ಇಟ್ಟಿರಲಿಲ್ಲ.

ಆಗಲೇ ಹೇಳಬಹುದಿತ್ತು. ಗಾಡಿ ಬಂದು ನಿಂತು ಹಾರ್ನು ಬಾರಿಸಿತು. "ನೀವು ಹೋಗ್ರಿ, ತಿರುಗಿ ಅಳ್ಯೋದು ನಾ ನೋಡ್ಕೋತೀನಿ" ಅಂದೆ. ಆಕೆ ಬೀಜ ಎಣಿಸಿ ಇವರಿಗೆ ಅಂಕಿ ಹೇಳಿ, ಸೆರಗು ಸರಿಮಾಡಿಕೊಳ್ಳುತ್ತ ಓಡಿದರು.

ನಾನು ತಿರುಗಿ ಅಳೆದೆ. ಈ ಸಲ ಪ್ರತಿ ಮಾಪಕ್ಕೂ ಪಟ್ಟಿ ಎಳೆದೆ. ಆಕೆಯ ಬೀಜ ಮುಗಿದವು, ಬುರುಡೆಯಲ್ಲಿ ಕಾಳು ಇನ್ನೂ ಉಳಿದಿತ್ತು. ಎರಡು ಮಾಪಕ್ಕೂ ಹೆಚ್ಚು, ಗುಡ್ಡೆಯಾಗಿ ಒಳಗೆ ಹೋದದ್ದೆಲ್ಲ.

ಬಾಗಿಲಿಂದ ಇವರು ಕೇಳಿದರು: "ಕೂಡ್ತೇನು?"

ಬೆಳಗಿನ ಆ ಮಾತು ಇನ್ನೂ ಕಿವಿಯಲ್ಲಿತ್ತು. ಇಲ್ಲ ಅಂದರೆ ಯಾಕೆ ಅನ್ನುತ್ತಾರೆ. ಯಾಕೆ ಅಂದರೆ ಗುಡ್ಡೆ ಅನ್ನಬೇಕು. ನೋಡು, ನಾ ಅಂದಿರಲಿಲ್ಲೇನು ಅಂತ ನಗುತ್ತಾರೆ. ಒಂದು ನಗೆ — ಅಷ್ಟನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ.

"ಕೂಡ್ತು," ಅಂದೆ.

ಅವರು ಪೈಪು ಕೊಯ್ದರು.

ಖೈರೂನಕ್ಕ ಮೊಮ್ಮಗಳನ್ನು ನೋಡಿಕೊಂಡು, ಪೇಢೆ ಹಿಡಿದು ಮರಳಿ ಬಂದರು. ಮಂಡಳಿಯವರು ಸ್ಪೀಕರು ಒಯ್ಯಲು ಬಂದ ದಿನ ಅಂಗಳದಲ್ಲಿ ಓಣಿಯ ಮಂದಿಯೆಲ್ಲ ಸೇರಿದ್ದರು. ತಂಬೂರಿಯ ಶ್ರುತಿ ಹಚ್ಚಿದರು. ಬಲಗಡೆಯದು ತುಂಬಿಕೊಂಡು ಬಂತು. ಎಡಗಡೆಯದರಲ್ಲಿ ಕೆಳದನಿ ಜೋತುಬಿದ್ದಿತ್ತು, ಮೈಯಿಲ್ಲ, ಬಿಗಿಯಿಲ್ಲ. ಮಂಡಳಿಯ ಹಿರಿಯರು ತಲೆ ವಾಲಿಸಿ ಕೇಳಿ, "ಏನ್ ಅಪ್ಪಾಸಾಬ, ಒಂದು ಬುರಡಿ ಹಾಡಾಕತ್ತೈತಿ, ಇನ್ನೊಂದು ಆಕಳಸಾಕತ್ತೈತಲ್ಲೋ!" ಅಂದರು. ಎಲ್ಲರೂ ನಕ್ಕರು.

ಇವರ ಮುಖ ಕೆಂಪಾಯಿತು. ಅಲ್ಲೇ ಸಜ್ಜಿ ತರಿಸಿ ಎಡಗಡೆಯ ಬುರುಡೆ ಬಿಚ್ಚಿ ತಾವೇ ಅಳೆದರು. ಸುಣ್ಣದ ಅಂಕಿಗಿಂತ ಹೆಚ್ಚು ಬಂತು. ಆಗ ಅಂದರು, ಅಷ್ಟೂ ಮಂದಿಯ ಮುಂದೆ: "ಖೈರೂನಕ್ಕಾ, ಮನಸ್ಸು ಚಿಕ್ಕೋಡ್ಯಾಗ ಇಟ್ಟು ಅಳತಿ ಮಾಡಬಾರದಿತ್ತ್ರಿ."

ಆಕೆ ನನ್ನ ಕಡೆ ನೋಡಿದರು. ಸಂಶಯದಿಂದಲ್ಲ. ತಿರುಗಿ ಅಳೆದವಳು ನಾನಲ್ಲವೇ? ನನ್ನ ಮೇಲೆ ಮಾತು ಬರಬಾರದೆಂಬ ಕಾಳಜಿಯಿಂದ, ಬೇಗ ಬೇಗ ಅಂದರು: "ಹೌದ್ರಿ ಭಾವು. ಮಗಳ ಚಿಂತ್ಯಾಗ ಒಂದೆರಡು ಬೀಜ ಹಾಕೋದು ಮರತೀನಿ. ತಂಗಿ ಪಾಪ, ನನ್ನ ಮ್ಯಾಲಿನ ನಂಬಿಗಿ ಮ್ಯಾಲ ಕೂಡ್ತು ಅಂದಿರಬೇಕು. ತಪ್ಪು ನಂದs."

ನಾನು ಕಪ್ಪು-ಬಸಿ ಒಟ್ಟುಗೂಡಿಸುತ್ತ ನಿಂತಿದ್ದೆ. ಅವನ್ನೆತ್ತಿಕೊಂಡು ಒಳಗೆ ಹೋದೆ.

ಪೈಪು ಗಿಡ್ಡ ಕೊಯ್ದು ಹಾಕಿದರೆ ಬುರುಡೆ ಸರಿಹೋಯಿತು, ಸಂಜೆಯೊಳಗೆ. ಖೈರೂನಕ್ಕ ಸರಿಹೋಗಲಿಲ್ಲ. ಮುಂದಿನ ಬುರುಡೆಗೆ ಕರೆದರೆ "ಬ್ಯಾಡ್ರಿ, ನನ್ನ ಎಣಿಕಿ ಇನ್ನ ನಂಬಬ್ಯಾಡ್ರಿ" ಅಂದರು. ಮದುವೆಯ ಅಕ್ಕಿಗೆ ಕರೆದರೆ ಬರುವರು, ಆದರೆ ಪಕ್ಕದಲ್ಲಿ ಇನ್ನೊಬ್ಬಳನ್ನು ಕೂಡ್ರಿಸಿಕೊಂಡು "ನೀನೂ ಎಣಸವಾ" ಅನ್ನುವರು. ಹೆಂಗಸರು ತಮಾಷೆ ಮಾಡುವರು: "ಖೈರೂನಕ್ಕಾ, ಬೀಜ ಮರತಿ ನೋಡ ಮತ್ತ!" ಆಕೆಯೂ ನಗುವರು. ಆ ನಗೆಯಲ್ಲಿ ಪಾಲುಗೊಂಡಿದ್ದೇನೆ ನಾನು — ಅದನ್ನೂ ಬರೆದೇಬಿಡುತ್ತೇನೆ.

ಅಂದಿನಿಂದ ಅಳೆಯುವವಳು ನಾನು. ಮೆಲ್ಲಗೆ ತಟ್ಟುವುದು, ಪಟ್ಟಿ ಎಳೆಯುವುದು, ಮಾತು ಬಂದರೆ ಸುರಿದು ಮತ್ತೆ ಶುರುಮಾಡುವುದು, ಎಲ್ಲ ಆಕೆಯ ಕೈಯಿಂದ ಕಲಿತದ್ದು. ರಾಯಬಾಗ, ಅಥಣಿ, ನಿಪ್ಪಾಣಿಯಿಂದ ಗಿರಾಕಿ ಬಂದರೆ ಇವರು "ನಮ್ಮ ಕಮಲಾನ ಅಳತಿರಿ, ಕೂದಲಷ್ಟೂ ತಪ್ಪಂಗಿಲ್ಲ" ಅಂತ ಹೇಳುತ್ತಾರೆ. ಯಾವ ಹೊಗಳಿಕೆಗೆ ನಾನು ಹಸಿದಿದ್ದೆನೋ ಅದೇ. ಉಣ್ಣಲು ಆಗಿಲ್ಲ.

ಈ ಸಲ ಈದಿಗೆ ಖೈರೂನಕ್ಕ ಹಾಲು-ಶಾವಿಗೆಯ ಸುರಕುಂಬಾ ತಂದರು. ನಾನು ಬುರುಡೆ ಕಾಲ ಮೇಲಿಟ್ಟುಕೊಂಡು ಕೂತಿದ್ದೆ. ಎಬ್ಬಿಸಬಾರದೆಂದು ಮೂಲೆಯಲ್ಲಿ ಸುಮ್ಮನೆ ನಿಂತು, ಕೊನೆಯ ಮಾಪ ಮುಗಿದ ಮೇಲೆ ಅಂದರು: "ಎಷ್ಟ್ ಚಂದ ಅಳೀತಿಯವಾ. ನನ್ನ ತಲಿ ಆವಾಗs ಹೋಗಿತ್ತು ನೋಡು, ಚಲೋ ಆತು ಬಿಟ್ಟಿದ್ದು."

ಕೊಂಕಿರಲಿಲ್ಲ ಆ ಮಾತಿನಲ್ಲಿ. ಒಂದಿಷ್ಟು ಕೊಂಕಿದ್ದರೂ ನಾನು ಬದುಕುತ್ತಿದ್ದೆ.

ಆಕೆ ಹೋದ ಮೇಲೆ ಮನೆಯವರಿಗೆ ಎಲ್ಲ ಹೇಳಿದೆ. ನಗಲಿಲ್ಲ ಅವರು. ಕೈಯಲ್ಲಿದ್ದ ಉಳಿ ಕೆಳಗಿಟ್ಟರು. "ಅಷ್ಟು ಮಂದಿ ಮುಂದ ಆಕಿಗೆ ಅಂದಾವ ನಾನs ಅಲ್ಲೇನು ಕಮಲಾ," ಅಂದರು. ಆ ದಿನ ಮತ್ತೆ ನನ್ನ ಕಡೆ ತಿರುಗಲಿಲ್ಲ.

ಬರುವ ವಾರ ಓಣಿಯಲ್ಲೊಂದು ಮದುವೆ. ಅಕ್ಕಿ ಅಳೆಯಲು ಹೆಂಗಸರೆಲ್ಲ ಸೇರುತ್ತಾರೆ, ಖೈರೂನಕ್ಕನೂ ಬರುತ್ತಾರೆ. ಆಕೆಯ ಮನೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಹೇಳಿದರೆ ನನಗೆ ಹಗುರ. ಅಲ್ಲೇ ತಬ್ಬಿಕೊಂಡು ಕ್ಷಮಿಸಿಬಿಡುತ್ತಾರೆ, ಯಾರಿಗೂ ಹೇಳಬ್ಯಾಡ ಅಂತಲೂ ಅನ್ನುತ್ತಾರೆ — ಆಕೆಯನ್ನು ಬಲ್ಲೆ. ಅದಕ್ಕೇ ಹಾಗೆ ಮಾಡುವುದಿಲ್ಲ. ಆ ಹೆಂಗಸರ ನಡುವೆ ನಿಂತು, ಗುಡ್ಡೆಯ ಮಾಪ ನನ್ನದು, ಸುಳ್ಳೂ ನನ್ನದು ಅಂತ ಹೇಳುತ್ತೇನೆ. ಇವರೂ ಬರುತ್ತೇನೆ ಅಂದಿದ್ದಾರೆ. ಆಮೇಲೆ ಖೈರೂನಕ್ಕ ನನ್ನ ಹೊಸ್ತಿಲು ತುಳಿಯದಿದ್ದರೆ ಅದು ಅವರ ಹಕ್ಕು. ಆದರೆ ಅಂದು ಅಕ್ಕಿಯ ಎಣಿಕೆಗೆ ಅವರು ಒಬ್ಬರೇ ಕೂಡಬೇಕು. ಪಕ್ಕದಲ್ಲಿ ಇನ್ನೊಬ್ಬಳು ಎಣಿಸಬಾರದು.